ರಕ್ತ ಸಂಚಾರ ಯಂತ್ರಗಳು: ಕಾಲಿನ ಭಾರಕ್ಕೆ ಸರಿ, ಮಂಡಿ ಸವೆತಕ್ಕೆ ಅಲ್ಲ

ಕಾಲು ನೋವು, ಮಂಡಿ ನೋವು, ಊತ, ಜೋಮು ಎಲ್ಲಕ್ಕೂ ಇದೊಂದೇ ಸಾಕು ಎಂದು ಡಬ್ಬದ ಮೇಲೆ ಬರೆದಿದ್ದರೆ ಅಲ್ಲೇ ಅನುಮಾನ ಪಡಬೇಕು. ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಇನ್ನು ‘ರಕ್ತ ಸಂಚಾರ ಯಂತ್ರ’ ಎಂಬ ಹೆಸರಲ್ಲಿ ಮಾರಾಟವಾಗುವುದೂ ಒಂದೇ ವಸ್ತುವಲ್ಲ. ಪಾದಕ್ಕೆ ವಿದ್ಯುತ್ ಮಿಡಿತ ಕೊಡುವ ತಟ್ಟೆ, ಕಾಲಿಗೆ ಸುತ್ತಿ ಗಾಳಿ ತುಂಬಿಸುವ ಚೀಲ, ಅಂಟಿಸುವ ಪ್ಯಾಡಿನಿಂದ ನರಗಳಿಗೆ ಮಿಡಿತ ಕೊಟ್ಟು ನೋವು ಮಂಕಾಗಿಸುವ ಟೆನ್ಸ್, ನಡುಗುವ ಹಲಗೆ, ಪಾದ ಒತ್ತುವ ಮಸಾಜರ್, ಬಿಸಿ ಕೊಡುವ ಮಂಡಿಪಟ್ಟಿ, ಕುಳಿತು ತುಳಿಯುವ ಪೆಡಲ್ ಎಲ್ಲವೂ ಈ ಹೆಸರಿನಡಿ ಬರುತ್ತವೆ. ಇವುಗಳಲ್ಲಿ ಕಾಲಿನ ರಕ್ತವನ್ನು ನಿಜವಾಗಿ ಮೇಲಕ್ಕೆ ತಳ್ಳುವಂಥವು ಎರಡು ಮೂರು ಮಾತ್ರ.

ಹೃದಯ ಕಾಲಿಗೆ ರಕ್ತ ಕಳಿಸುತ್ತದೆ. ಅದನ್ನು ಮೇಲಕ್ಕೆ ವಾಪಸ್ ಕಳಿಸುವ ಕೆಲಸದ ದೊಡ್ಡ ಪಾಲು ಮೀನಖಂಡದ್ದು. ಹೆಜ್ಜೆ ಇಟ್ಟಾಗ ಮೀನಖಂಡದ ಸ್ನಾಯು ಬಿಗಿಯಾಗಿ, ಒಳಗಿನ ಅಭಿಧಮನಿಗಳನ್ನು (ಹೃದಯಕ್ಕೆ ರಕ್ತ ಮರಳಿಸುವ ನಾಳಗಳನ್ನು) ಹಿಂಡುತ್ತದೆ. ಮೇಲೆ ಹೋದ ರಕ್ತ ಕೆಳಗೆ ಜಾರದಂತೆ ನಾಳದೊಳಗಿನ ಕವಾಟಗಳು ತಡೆಯುತ್ತವೆ. ಅಲ್ಲಾಡದೆ ನಿಂತವರ ಹರಡಿನ (ಪಾದದ ಗಂಟಿನ) ಬಳಿ ಅಭಿಧಮನಿಯ ಒತ್ತಡ ಸುಮಾರು 90 ಎಂಎಂ ಪಾದರಸದಷ್ಟಿರುತ್ತದೆ; ಕವಾಟ ಸರಿಯಿದ್ದರೆ ನಡೆಯಲು ತೊಡಗಿದ ಸ್ವಲ್ಪ ಹೊತ್ತಿಗೇ ಅದು 30ರ ಆಸುಪಾಸಿಗೆ ಇಳಿಯುತ್ತದೆ. ದಿನವಿಡೀ ಕುಳಿತೋ ನಿಂತೋ ಕೆಲಸ ಮಾಡುವವರಿಗೆ ಸಂಜೆ ಕಾಲು ಭಾರವಾಗುವುದು ಈ ಪಂಪು ಓಡದೇ ಇರುವುದರಿಂದ. ಮೀನಖಂಡವನ್ನು ಹಿಂಡುವ ಯಾವ ಯಂತ್ರವಾದರೂ ಇಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ.

ಮಂಡಿಯ ಕಥೆ ಬೇರೆ. ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಅದಕ್ಕೆ ಪೋಷಣೆ ಸಿಗುವುದು ಬಹುಪಾಲು ಕೀಲಿನೊಳಗಿನ ದ್ರವದಿಂದ, ಅದೂ ಕೀಲು ಮಡಚಿ ಬಿಚ್ಚಿ ಭಾರ ಹೊತ್ತು ಇಳಿಸಿದಾಗ. ಹಾಗಾಗಿ ಮೀನಖಂಡದ ರಕ್ತ ಎಷ್ಟೇ ಓಡಿದರೂ ಸವೆದ ಮಂಡಿ ಚಿಗುರುವುದಿಲ್ಲ. ಜಾಹೀರಾತುಗಳು ಮರೆಮಾಚುವುದು ಈ ಒಂದು ಸಂಗತಿಯನ್ನೇ.

ಆದ್ದರಿಂದ ಯಂತ್ರ ಆರಿಸುವ ಮುಂಚೆ ನೋವು ಯಾವ ಜಾತಿಯದು ಎಂದು ಗುರುತಿಸಬೇಕು. ಸಂಜೆಗೆ ಊತ, ಭಾರ, ಕಾಲು ಮೇಲೆತ್ತಿಟ್ಟರೆ ಹಗುರ, ಚರ್ಮದ ಕೆಳಗೆ ಉಬ್ಬಿದ ನಾಳಗಳು: ಇದು ಅಭಿಧಮನಿಯ ತೊಂದರೆ, ಯಂತ್ರಕ್ಕೆ ಅವಕಾಶವಿದೆ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ ಎಂದರೆ ಅಪಧಮನಿ (ಹೃದಯದಿಂದ ಕಾಲಿಗೆ ರಕ್ತ ತರುವ ನಾಳ) ಕಿರಿದಾಗಿರುವ ಶಂಕೆ. ಇಲ್ಲಿ ಮೊದಲು ವೈದ್ಯರು ಹರಡಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ನೋಡಬೇಕು, ಯಂತ್ರ ಆಮೇಲಿನ ಮಾತು. ರಾತ್ರಿ ಅಂಗಾಲು ಉರಿ, ಜೋಮು, ಚಪ್ಪಲಿ ಜಾರಿದರೂ ಗೊತ್ತಾಗದಿರುವುದು ನರದ ತೊಂದರೆ. ಮೆಟ್ಟಿಲು ಹತ್ತಿ ಇಳಿಯುವಾಗ, ಕುರ್ಚಿಯಿಂದ ಏಳುವಾಗ ನೋವು, ಬೆಳಗ್ಗೆ ಅರ್ಧ ಗಂಟೆಯೊಳಗೆ ಸಡಿಲವಾಗುವ ಬಿಗಿತ ಇದ್ದರೆ ಅದು ಮಂಡಿ ಸವೆತ. ಸೊಂಟದಿಂದ ಹೊರಟು ಕಾಲಿಗಿಳಿಯುವ ನೋವಿಗಂತೂ ಪಾದದ ತಟ್ಟೆಯಿಂದ ಏನೂ ಆಗದು.

ಎರಡೂ ಕಾಲು ಊದಿದ್ದರೆ ನುಂಗುತ್ತಿರುವ ಮಾತ್ರೆಗಳ ಮೇಲೂ ಒಮ್ಮೆ ಕಣ್ಣಾಡಿಸಿ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಹರಡು ಊದಿಸುವುದು ಬಹಳ ಸಾಮಾನ್ಯ. ವೈದ್ಯರು ಪ್ರಮಾಣ ತಗ್ಗಿಸಿಯೋ ಮಾತ್ರೆ ಬದಲಿಸಿಯೋ ಸರಿಪಡಿಸಬಹುದಾದ ಊತಕ್ಕೆ ಯಂತ್ರ ಕೊಂಡವರು ಕಡಿಮೆಯೇನಿಲ್ಲ.

ಈಗ ವಿದ್ಯುತ್ ತಟ್ಟೆ. ಬರಿಗಾಲಲ್ಲಿ, ಕುಳಿತು, ಎರಡೂ ಪಾದ ಒಟ್ಟಿಗೆ ಇಡಬೇಕು. ಹೆಚ್ಚಿನ ಮಾದರಿಗಳಲ್ಲಿ ವಿದ್ಯುತ್ ಒಂದು ಪಾದದಿಂದ ಹತ್ತಿ ಇನ್ನೊಂದರಿಂದ ಇಳಿದರೆ ಮಾತ್ರ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಒಂದು ಪಾದ ಸರಿಯಾಗಿ ಕೂರದಿದ್ದರೆ ಎರಡರಲ್ಲೂ ಏನೂ ಆಗುವುದಿಲ್ಲ. ‘ಯಂತ್ರ ಕೆಟ್ಟಿದೆ’ ಎಂಬ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಒಣ ಚರ್ಮದ ದೂರುಗಳು. ದಪ್ಪಗಟ್ಟಿದ, ಬಿರುಕು ಬಿಟ್ಟ ಹಿಮ್ಮಡಿ ವಿದ್ಯುತ್ತನ್ನು ತಡೆಯುತ್ತದೆ. ಬೆಚ್ಚಗಿನ ನೀರಲ್ಲಿ ಐದು ನಿಮಿಷ ಪಾದ ನೆನೆಸಿ, ಒರೆಸಿ, ನೀರಿನಂಶ ಹೆಚ್ಚಿರುವ ಮಾಯಿಶ್ಚರೈಸರ್ ಹಚ್ಚಿ ಕೂರಬೇಕು. ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಉಲ್ಟಾ ಪರಿಣಾಮ, ಅವು ವಿದ್ಯುತ್ತನ್ನು ಬಿಡುವುದಿಲ್ಲ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ ಅದು ಮಾಯುವವರೆಗೆ ತಟ್ಟೆ ಬೇಡ.

ತೀವ್ರತೆ ಎಷ್ಟಿಡಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ಅಂಗಾಲಲ್ಲಿ ಇರುವೆ ಹರಿದಂತಾದ ಕೂಡಲೇ ‘ಕೆಲಸ ಮಾಡುತ್ತಿದೆ’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಆ ಜುಮುಜುಮು ಚರ್ಮದ ನರಗಳದ್ದು. ಮೀನಖಂಡ ಇನ್ನೂ ಸುಮ್ಮನೇ ಇರುತ್ತದೆ. ಕೈಯನ್ನು ಮೀನಖಂಡದ ಮೇಲಿಟ್ಟುಕೊಂಡು ಒಂದೊಂದೇ ಅಂಕಿ ಏರಿಸುತ್ತಾ ಹೋಗಿ. ಸ್ನಾಯು ಗಟ್ಟಿಯಾಗಿ ಸಡಿಲವಾಗುವುದು ಕೈಗೆ ತಿಳಿಯಬೇಕು, ಹಿಮ್ಮಡಿ ಸ್ವಲ್ಪ ಎದ್ದಂತಾಗಬೇಕು, ಆದರೆ ನೋಯಬಾರದು. ಆ ಅಂಕಿ ದಿನದಿಂದ ದಿನಕ್ಕೆ, ಎಡಗಾಲಿಗೂ ಬಲಗಾಲಿಗೂ ಬದಲಾಗುತ್ತದೆ. ಸಾಮಾನ್ಯವಾಗಿ ಒಂದು ಸರದಿ ಅರ್ಧ ಗಂಟೆ. ಎಷ್ಟು ಏರಿಸಿದರೂ ಮೀನಖಂಡ ಅಲ್ಲಾಡದವರಿಗೆ ಈ ತಟ್ಟೆ ಬರೀ ಕಚಗುಳಿ. ವಾಪಸ್ ಕೊಡುವುದೇ ಲೇಸು.

ಮಂಡಿ ಸವೆತಕ್ಕೆ ಈ ಬಗೆಯ ವಿದ್ಯುತ್ ಚಿಕಿತ್ಸೆಯ ಬಗ್ಗೆ ಮಾರ್ಗಸೂಚಿಗಳ ಮಾತು ಕಡ್ಡಿ ಮುರಿದಂತಿದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಹೊರತಂದ ಸಂಧಿ ಸವೆತದ ಮಾರ್ಗಸೂಚಿ ಸ್ನಾಯು ಪ್ರಚೋದನೆ, ಟೆನ್ಸ್, ಅಲ್ಟ್ರಾಸೌಂಡ್, ಲೇಸರ್ ಇವನ್ನೆಲ್ಲ ಕೊಡಬೇಡಿ, ಉಪಯೋಗವಿದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಟೆನ್ಸ್ ಬೇಡವೆಂದು ಬಲವಾಗಿಯೇ ಹೇಳಿದೆ. ಒಂದು ಅಪವಾದವಿದೆ: ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರ ತೊಡೆಯ ಮುಂಭಾಗದ ಸ್ನಾಯು ಸೊರಗಿದಾಗ ಫಿಸಿಯೋಥೆರಪಿಸ್ಟ್ ಅಲ್ಲೇ ಪ್ಯಾಡ್ ಅಂಟಿಸಿ ಕೊಡುವ ಸ್ನಾಯು ಪ್ರಚೋದನೆಯಿಂದ ಬಲ ಬೇಗ ಮರಳುತ್ತದೆ. ಅದು ಪಾದದ ತಟ್ಟೆಯಿಂದ ಆಗುವ ಕೆಲಸವಲ್ಲ, ಅಲ್ಲಿಂದ ಹೊರಟ ವಿದ್ಯುತ್ ತೊಡೆ ಮುಟ್ಟುವಾಗ ತೀರಾ ಮಂದವಾಗಿರುತ್ತದೆ.

ಟೆನ್ಸ್ ಬಗ್ಗೆ ನನ್ನ ನಿಲುವು ಸ್ವಲ್ಪ ಮೆದು. ಅದು ರಕ್ತ ಸಂಚಾರದ ಯಂತ್ರವೇ ಅಲ್ಲ. ನೋವಿನ ಸುದ್ದಿ ಮಿದುಳಿಗೆ ತಲುಪುವುದನ್ನು ಸ್ವಲ್ಪ ಹೊತ್ತು ಮಂಕಾಗಿಸುವ ಸಾಧನ. ಮಂಡಿಚಿಪ್ಪಿನ ಮೇಲೆ ಎರಡು, ಕೆಳಗೆ ಎರಡು ಪ್ಯಾಡ್ ಹಾಕಿ, ತಂತಿಗಳು ಅಡ್ಡಡ್ಡ ಹಾಯುವಂತೆ ಜೋಡಿಸಿ, 80ರಿಂದ 100 ಹರ್ಟ್ಸ್‌ನಲ್ಲಿ ಜೋರಾದರೂ ಹಿತವೆನಿಸುವಷ್ಟು ಇಟ್ಟರೆ ಕೆಲವರಿಗೆ ವ್ಯಾಯಾಮ ಮಾಡುವಷ್ಟು ಹೊತ್ತು ನೋವು ತಗ್ಗುತ್ತದೆ. ತೆಗೆದ ಮೇಲೆ ನೋವು ಮರಳಿತು ಎಂದು ಬೇಸರಪಡುವಂತಿಲ್ಲ, ಅದರ ಸ್ವಭಾವವೇ ಅಷ್ಟು. ಪ್ಯಾಡ್ ಅಂಟಿಸುವ ಮುಂಚೆ ಚರ್ಮವನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ. ಅಂಚು ಎದ್ದ ಪ್ಯಾಡಿನಲ್ಲಿ ಅಷ್ಟೂ ವಿದ್ಯುತ್ ಉಳಿದ ಸಣ್ಣ ಜಾಗದಿಂದ ಹಾಯ್ದು ಚುಚ್ಚುತ್ತದೆ. ಅಂಟು ಒಣಗಿದ್ದರೆ ಒಂದು ಹನಿ ನೀರು ಸವರಿದರೆ ಕೆಲ ದಿನ ನಡೆಯುತ್ತದೆ, ಆಮೇಲೆ ಹೊಸದೇ ಬೇಕು.

ಊತಕ್ಕೇ ಯಂತ್ರ ಬೇಕೆಂದರೆ ನನ್ನ ಮತ ಗಾಳಿ ಚೀಲಕ್ಕೆ. ಆಸ್ಪತ್ರೆಗಳಲ್ಲಿ ಹಾಸಿಗೆ ಹಿಡಿದವರ ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಇದೇ ತತ್ತ್ವದ ಪಂಪುಗಳನ್ನು ಬಳಸುತ್ತಾರೆ. 2013ರಲ್ಲಿ ಪ್ರಕಟವಾದ ಕ್ಲಾಟ್ಸ್ 3 ಎಂಬ ಪ್ರಯೋಗ, ಪಾರ್ಶ್ವವಾಯುವಾಗಿ ಮಲಗಿದವರಲ್ಲಿ ಅದರಿಂದ ಹೆಪ್ಪುಗಟ್ಟುವುದು ಕಡಿಮೆಯಾಯಿತೆಂದು ತೋರಿಸಿತು. ಮನೆಗೆ ಕೊಳ್ಳುವಾಗ ಚೀಲದೊಳಗಿನ ಗಾಳಿ ಕೋಣೆಗಳನ್ನು ಎಣಿಸಿ. ಒಂದೇ ಕೋಣೆಯದು ಸುಮ್ಮನೆ ಅದುಮುತ್ತದೆ. ಮೂರು, ನಾಲ್ಕು ಅಥವಾ ಹೆಚ್ಚು ಕೋಣೆ ಇದ್ದು ಪಾದದಿಂದ ಮೇಲಕ್ಕೆ ಒಂದಾದ ಮೇಲೊಂದು ತುಂಬುತ್ತಾ, ಕೆಳಗಿನದು ಬಿಡುವ ಮೊದಲೇ ಮೇಲಿನದು ಹಿಡಿಯುವಂತಿದ್ದರೆ ದ್ರವ ಮೇಲೇರುತ್ತದೆ. ಪಾದವನ್ನು ಹೊರಗೆ ಬಿಟ್ಟು ಮೀನಖಂಡಕ್ಕಷ್ಟೇ ಸುತ್ತುವ ಪಟ್ಟಿಗಳಲ್ಲಿ ಪಾದದ ಊತ ಇಳಿಯದೆ ಹಾಗೇ ಉಳಿಯಬಹುದು. ಒತ್ತಡವನ್ನು ಎಂಎಂ ಪಾದರಸದಲ್ಲಿ ತೋರಿಸದೆ ‘ಕಡಿಮೆ, ಮಧ್ಯಮ, ಹೆಚ್ಚು’ ಎಂದಷ್ಟೇ ಬರೆದಿರುವುದನ್ನು ನಾನು ಶಿಫಾರಸು ಮಾಡುವುದಿಲ್ಲ. 30ರಿಂದ 40ರಲ್ಲಿ ಶುರು ಮಾಡಿ, ಸಹಿಸಿದಂತೆ ಏರಿಸಿ. ಬರೀ ಕಾಲು ಭಾರಕ್ಕೆ 60 ದಾಟಬೇಕಾದ ಅಗತ್ಯ ಬೀಳುವುದು ಅಪರೂಪ.

ಚೀಲದ ಅಳತೆ ತಪ್ಪಿದರೆ ಎಲ್ಲವೂ ವ್ಯರ್ಥ. ಮೀನಖಂಡ ಮತ್ತು ತೊಡೆಯ ಅತಿ ದಪ್ಪ ಭಾಗದ ಸುತ್ತಳತೆ ಟೇಪಿನಲ್ಲಿ ತೆಗೆದು ತಯಾರಕರ ಪಟ್ಟಿಯೊಂದಿಗೆ ಹೋಲಿಸಿ. ಸಡಿಲವಿದ್ದರೆ ಗಾಳಿಯೆಲ್ಲ ಖಾಲಿ ಜಾಗ ತುಂಬುವುದರಲ್ಲೇ ಮುಗಿಯುತ್ತದೆ, ಬಿಗಿಯಿದ್ದರೆ ಮಂಡಿಯ ಹಿಂದೆ ಕಡಿಯುತ್ತದೆ. ಗಾಳಿ ಇಲ್ಲದಾಗ ಎರಡು ಬೆರಳು ತೂರುವಷ್ಟು ಜಾಗ ಇರಲಿ. ಒಳಗೆ ಸುಕ್ಕಿಲ್ಲದ ತೆಳು ಹತ್ತಿ ಕಾಲುಚೀಲ ಹಾಕಿಕೊಂಡರೆ ಬೆವರು, ತುರಿಕೆ ತಪ್ಪುತ್ತದೆ. ಕಾಲು ಚಾಚಿ ಮಲಗಿ ಅಥವಾ ಒರಗಿ 20ರಿಂದ 30 ನಿಮಿಷ. ಒಂದು ಕೋಣೆ ತುಂಬುತ್ತಿಲ್ಲವೆಂದರೆ ಮೊದಲು ಕೊಳವೆ ಮಡಚಿದೆಯೇ ನೋಡಿ, ಆಮೇಲೆ ಅದರ ತುದಿ ಪೂರ್ತಿ ಒಳಗೆ ಕೂತಿದೆಯೇ ನೋಡಿ. ಮೊದಲು ಸೋಲುವುದು ಸಾಮಾನ್ಯವಾಗಿ ವೆಲ್ಕ್ರೊ ಮತ್ತು ಕೊಳವೆಯ ತುದಿಗಳು, ಪಂಪಲ್ಲ. ಹಾಗಾಗಿ ಚೀಲ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಿ.

ಹಿಂಡಿದ ದ್ರವ ರಕ್ತಕ್ಕೆ ಸೇರಿ ಮೂತ್ರವಾಗಿ ಹೋಗುತ್ತದೆ. ಮಲಗುವ ಹೊತ್ತಿಗೆ ಚೀಲ ಹಾಕಿಕೊಂಡರೆ ರಾತ್ರಿ ಎದ್ದೇಳಬೇಕಾಗುತ್ತದೆ, ಸಂಜೆಯೇ ಮುಗಿಸಿಕೊಳ್ಳಿ. ಕವಾಟ ಕೆಟ್ಟವರಿಗೆ ಮರುದಿನ ಊತ ಮತ್ತೆ ಬರುತ್ತದೆ, ಏಕೆಂದರೆ ಕಾರಣ ಹಾಗೇ ಇದೆ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ವೈದ್ಯರು ಹೇಳಿದ ಬಿಗಿತದ ಕಂಪ್ರೆಷನ್ ಕಾಲುಚೀಲ ಹಾಕಿಕೊಂಡರೆ ಇಳಿದದ್ದು ದಿನವಿಡೀ ನಿಲ್ಲುತ್ತದೆ. ಎಷ್ಟೋ ಜನರಿಗೆ ಯಂತ್ರವಿಲ್ಲದೆ ಆ ಕಾಲುಚೀಲವೊಂದೇ ಸಾಕು.

ಉಳಿದವಕ್ಕೆ ಹೆಚ್ಚು ಮಾತು ಬೇಡ. ಪಾದ ಮಸಾಜರ್ ದಣಿದ ಪಾದಕ್ಕೆ ಹಿತ, ಮೀನಖಂಡದ ಪಂಪಿಗೆ ಏನೂ ಮಾಡದು. ಬಿಸಿ ಮಂಡಿಪಟ್ಟಿ ಬಿಗಿತ ಸಡಿಲಿಸುತ್ತದೆ, ವ್ಯಾಯಾಮಕ್ಕೆ ಮುಂಚೆ 15 ನಿಮಿಷ ಹಾಕಿದರೆ ಒಳ್ಳೆಯದು. ಹಾಕಿಕೊಂಡು ನಿದ್ದೆ ಹೋದರೆ ಅಷ್ಟೇನೂ ಬಿಸಿ ಅನ್ನಿಸದೆಯೂ ಚರ್ಮ ಸುಡಬಹುದು. ನಡುಗುವ ಹಲಗೆ ಊದಿದ ಮಂಡಿಗೆ ಬೇಡ. ಮೋಟರ್ ಪೆಡಲಿನಲ್ಲಿ ತುಳಿಯುವುದು ಮೋಟರ್, ನಿಮ್ಮ ಸ್ನಾಯುವಲ್ಲ. ಮೋಟರ್ ಇಲ್ಲದ, ಬಿಗಿ ಏರಿಸಬಲ್ಲ ಪೆಡಲೇ ಮೇಲು. ಅದು ನುಣುಪು ನೆಲದ ಮೇಲೆ ಮುಂದೆ ಜಾರುತ್ತದೆ, ಕುರ್ಚಿಯ ಕಾಲಿಗೆ ಪಟ್ಟಿ ಕಟ್ಟಿ, ಕುರ್ಚಿಯನ್ನು ಗೋಡೆಗೆ ಆನಿಸಿ.

ಮಂಡಿ ನೋವಿಗೆ ಗಟ್ಟಿ ಪುರಾವೆ ಇರುವುದು ತೊಡೆಯ ಸ್ನಾಯು ಬಲಪಡಿಸುವುದಕ್ಕೆ ಮತ್ತು ತೂಕ ಇಳಿಸುವುದಕ್ಕೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಕುಳಿತು ಕಾಲು ನೆಟ್ಟಗೆ ಚಾಚಿ ತೊಡೆ ಬಿಗಿಹಿಡಿದು ಐದು ಸೆಕೆಂಡ್, ಹತ್ತು ಸಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಎಂಟು ಹತ್ತು ಸಲ. ಕುರ್ಚಿ ತಗ್ಗಾಗಿ ನೋಯುತ್ತಿದ್ದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಊರುಗೋಲು ಹಿಡಿಯುವುದಾದರೆ ನೋವಿಲ್ಲದ ಬದಿಯ ಕೈಯಲ್ಲಿ. ಮೀನಖಂಡಕ್ಕೂ ಬಿಟ್ಟಿ ಪಂಪಿದೆ: ಗೋಡೆ ಹಿಡಿದು 20 ಸಲ ತುದಿಗಾಲಲ್ಲಿ ಏಳಿ, ದಿನಕ್ಕೆ ಮೂರು ಹೊತ್ತು. ಅದನ್ನು ಮಾಡಬಲ್ಲವರಿಗೆ ವಿದ್ಯುತ್ ತಟ್ಟೆ ಸೋಮಾರಿತನದ ಸಾಮಾನು. ಮಾಡಲಾಗದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಅದಕ್ಕೆ ಬೆಲೆಯಿದೆ.

ಪೇಸ್‌ಮೇಕರ್ ಅಥವಾ ಹೃದಯದಲ್ಲಿ ಇಂಥ ಬೇರಾವುದೇ ವಿದ್ಯುತ್ ಸಾಧನ ಇರುವವರು, ಗರ್ಭಿಣಿಯರು ವಿದ್ಯುತ್ ತಟ್ಟೆ ಮುಟ್ಟಬಾರದು. ಗಾಳಿ ಚೀಲ ಹೃದಯ ವೈಫಲ್ಯ ಹತೋಟಿಯಲ್ಲಿಲ್ಲದವರಿಗೆ, ಅಪಧಮನಿ ತೀವ್ರವಾಗಿ ಕಟ್ಟಿಕೊಂಡವರಿಗೆ, ಕಾಲಿನ ಚರ್ಮ ಸೋಂಕಿನಿಂದ ಕೆಂಪೇರಿದವರಿಗೆ ಬೇಡ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿಯೂ ವಿದ್ಯುತ್ತೂ ಅಳತೆ ಮೀರಿದ್ದು ತಿಳಿಯುವುದೇ ಇಲ್ಲ. ಒಂದೇ ಕಾಲು ಏಕಾಏಕಿ ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಟ್ಟೆ, ಚೀಲ, ಮಸಾಜ್ ಯಾವುದೂ ಬೇಡ, ಅದೇ ದಿನ ವೈದ್ಯರಲ್ಲಿಗೆ. ಜೊತೆಗೆ ಉಸಿರು ಕಟ್ಟಿದರೆ ತುರ್ತು ವಿಭಾಗಕ್ಕೆ.

ಕೊಂಡ ಮೇಲೆ ಅನಿಸಿಕೆಯನ್ನು ನೆಚ್ಚಬೇಡಿ, ಟೇಪು ಹಿಡಿಯಿರಿ. ಹೊಸ ಯಂತ್ರದ ಮೊದಲ ವಾರ ಎಲ್ಲರಿಗೂ ಹಗುರವೆನಿಸುತ್ತದೆ. ಯಂತ್ರ ಮುಟ್ಟದೆ ಒಂದು ವಾರ ದಿನವೂ ಸಂಜೆ ಅದೇ ಹೊತ್ತಿಗೆ ಹರಡಿನ ಗಂಟಿನ ಮೇಲಿನ ಸುತ್ತಳತೆ ಬರೆದಿಡಿ. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳು ಹತ್ತು ಸೆಕೆಂಡ್ ಒತ್ತಿ ಗುಳಿ ಬೀಳುತ್ತದೆಯೇ ನೋಡಿ. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳಲಾಗುತ್ತದೆ ಎಣಿಸಿ. ಆಮೇಲೆ ಬಳಸುತ್ತಾ ನಾಲ್ಕು ವಾರ ಇದನ್ನೇ ಮುಂದುವರಿಸಿ. ಮರಳಿಸುವ ಅವಧಿ ಇದಕ್ಕಿಂತ ಚಿಕ್ಕದಿದ್ದರೆ ಆ ಮೊದಲ ವಾರದ ಅಳತೆಯನ್ನು ಡಬ್ಬ ಮನೆಗೆ ಬರುವ ಮುಂಚೆಯೇ ಮುಗಿಸಿ. ಚರ್ಮಕ್ಕೆ ತಾಗುವ ಭಾಗವನ್ನು ಬಿಚ್ಚಿದರೆ ವಾಪಸ್ ಪಡೆಯುವುದಿಲ್ಲ ಎಂಬ ಷರತ್ತು ಹಲವು ಕಡೆ ಇರುತ್ತದೆ, ಅದನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಿ.