ಫಿಶ್ ಬರ್ಗರೋ, ಅಂಜಲ್ ರವಾ ಫ್ರೈಯೋ?

ಬೆಂಗಳೂರಿನಲ್ಲಿ ಮೀನು ತಿನ್ನುವ ಆಸೆಯಾದರೆ ಮಾಲ್‌ನ ಫಿಶ್ ಬರ್ಗರ್ ಇದೆ, ಮಂಗಳೂರು ಕಡೆಯ ಹೋಟೆಲಿನ ಅಂಜಲ್ (ಸುರ್ಮಾಯಿ ಮೀನು) ರವಾ ಫ್ರೈಯೂ ಇದೆ.

ಬರ್ಗರ್‌ಗಳಲ್ಲಿ ಹೆಸರಾದದ್ದು ಮೆಕ್‌ಡೊನಾಲ್ಡ್ಸ್‌ನ ಫಿಲೆ-ಒ-ಫಿಶ್. 1962ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮೆಕ್‌ಡೊನಾಲ್ಡ್ಸ್ ಮಳಿಗೆ ನಡೆಸುತ್ತಿದ್ದ ಲೂ ಗ್ರೋಯೆನ್, ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ಗಿರಾಕಿಗಳಿಗಾಗಿ ಶುರು ಮಾಡಿದ್ದು. ಅಮೆರಿಕದಲ್ಲಿ ಅದಕ್ಕೆ ಬಳಸುವುದು ಅಲಾಸ್ಕಾ ಪೊಲಾಕ್ ಮೀನು. ಬಿಳಿ ಮಾಂಸ, ಸಪ್ಪೆ ರುಚಿ, ಮುಳ್ಳಿನ ಕಾಟವಿಲ್ಲ. ಬನ್ ಹಬೆಯಲ್ಲಿ ಮೆತ್ತಗಾದದ್ದು, ಚೀಸ್ ಅರ್ಧ ಸ್ಲೈಸ್ ಮಾತ್ರ. ನಾಲಿಗೆಗೆ ಹತ್ತುವುದು ಜಾಸ್ತಿ ಮಯೊನೀಸ್‌ನಿಂದ ಮಾಡುವ ಟಾರ್ಟರ್ ಸಾಸೇ.

ಅಂಜಲ್‌ನಲ್ಲಿ ಮೀನಿನ ರುಚಿಯೇ ಮುಂದೆ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿಯ ಮಸಾಲೆ, ಮೇಲೆ ಗರಿಗರಿ ರವೆ. ನಡುಮುಳ್ಳು ಬಿಡಿಸಿದರೆ ಆಯ್ತು. ಬೆಲೆ ಜಾಸ್ತಿ, ನಿಜ.

ಮೀನು ಅಭ್ಯಾಸವಿಲ್ಲದ ಮಕ್ಕಳಿಗೆ ಬರ್ಗರ್ ಸರಿ. ಮೀನಿಗಾಗಿಯೇ ಹೋಗುವವರು ಅಂಜಲ್ ತಗೊಳ್ಳಿ, ತವಾದಿಂದ ಇಳಿಸಿದ ಕೂಡಲೇ ತಿನ್ನಿ.