ದೊಡ್ಡವರ ಕಣ್ಣಿಗೆ ಬೀಳದ ದೆವ್ವಗಳು: ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’

ಅಕ್ಕನ ಮಗಳಿಗೆ ಈಗ 14 ವರ್ಷ. ಪಠ್ಯಪುಸ್ತಕ ಬಿಟ್ಟು ಬೇರೇನೂ ಮುಟ್ಟದ ಹುಡುಗಿ, ಒಂದು ವಾರ ರೂಮಿನ ಬಾಗಿಲು ಹಾಕಿಕೊಂಡು ಓದುತ್ತಾ ಕೂತಿದ್ದಳು. ಆಮೇಲೆ ಆ ಪುಸ್ತಕ ತಂದು ನನ್ನ ಕೈಗಿಟ್ಟು, "ಚಿಕ್ಕಿ, ಇದನ್ನ ಓದಿ ಮುಗಿಸು, ಆಮೇಲೆ ಮಾತಾಡೋಣ" ಅಂದಳು. ಜೊನಾಥನ್ ಸ್ಟ್ರೌಡ್ ಬರೆದ ‘ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್’. 2013ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ, ‘ಲಾಕ್‌ವುಡ್ ಅಂಡ್ ಕೋ.’ ಎಂಬ ಐದು ಪುಸ್ತಕಗಳ ಸರಣಿಯಲ್ಲಿ ಮೊದಲನೆಯದು. ಹರೆಯದವರಿಗೆ ಬರೆದ ದೆವ್ವದ ಕತೆ. ನನಗೆ ಎರಡು ರಾತ್ರಿ ಸಾಕಾಯಿತು. ಎರಡನೇ ರಾತ್ರಿ ನೀರು ಕುಡಿಯಲು ಎದ್ದವಳು ದಾರಿಯಲ್ಲಿದ್ದ ಲೈಟೆಲ್ಲ ಹಾಕಿಕೊಂಡೇ ಹೋದೆ.

ಕತೆ ನಡೆಯುವುದು ಲಂಡನ್ನಿನಲ್ಲಿ. ಐವತ್ತು ವರ್ಷಕ್ಕೂ ಹಿಂದೆ ಶುರುವಾದ ದೆವ್ವಗಳ ಕಾಟ ಇಡೀ ಬ್ರಿಟನ್ನಿಗೆ ಹಬ್ಬಿದೆ. ಅದಕ್ಕೆ ಜನ ಇಟ್ಟ ಹೆಸರು ಸುಮ್ನೆ ‘ಪ್ರಾಬ್ಲಮ್’ ಅಂತ. ಕತ್ತಲಾದರೆ ಕರ್ಫ್ಯೂ. ಬೀದಿಯಲ್ಲಿ ದೆವ್ವ ಓಡಿಸುವ ದೀಪಗಳು. ದೆವ್ವ ಮುಟ್ಟಿದರೆ ಮೈ ನೀಲಿಗಟ್ಟಿ ಊದಿಕೊಳ್ಳುತ್ತದೆ, ತಕ್ಷಣ ಔಷಧಿ ಸಿಗದಿದ್ದರೆ ಸಾವೇ. ಆದರೆ ದೆವ್ವ ಸರಿಯಾಗಿ ಕಾಣುವುದು, ಕೇಳುವುದು ಮಕ್ಕಳಿಗೆ ಮತ್ತು ಹರೆಯದವರಿಗೆ ಮಾತ್ರ. ದೊಡ್ಡವರಾಗುತ್ತಾ ಆ ಶಕ್ತಿ ಕರಗಿ ಹೋಗುತ್ತದೆ. ಹಾಗಾಗಿ ರಾತ್ರಿ ಕತ್ತಿ ಹಿಡಿದು ಪಾಳು ಮನೆಗೆ ನುಗ್ಗುವುದು ಮಕ್ಕಳ ಕೆಲಸ, ಏಜೆನ್ಸಿ ಇಟ್ಟುಕೊಂಡು ಅವರನ್ನು ಕಳಿಸುವುದು ದೊಡ್ಡವರ ಕೆಲಸ. ಲಾಕ್‌ವುಡ್‌ನ ಏಜೆನ್ಸಿಯಲ್ಲಿ ಮಾತ್ರ ದೊಡ್ಡವರು ಒಬ್ಬರೂ ಇಲ್ಲ. ಆಂಟನಿ ಲಾಕ್‌ವುಡ್, ಜಾರ್ಜ್ ಕಬಿನ್ಸ್, ಕತೆ ಹೇಳುವ ಲೂಸಿ ಕಾರ್ಲೈಲ್, ಮೂರೇ ಜನ.

ಹರೆಯದವರಿಗೆ ದೆವ್ವದ ಕತೆ ಯಾಕೆ ಇಷ್ಟು ಹಿಡಿಸುತ್ತದೆ ಎಂದು ಕೇಳಿದರೆ ಇನ್ನು ಮೇಲೆ ನಾನು ಈ ಒಂದು ಏರ್ಪಾಟನ್ನೇ ತೋರಿಸುತ್ತೇನೆ. ಆ ವಯಸ್ಸಿನಲ್ಲಿ ನಿಮ್ಮನ್ನು ಕಾಡಿದ್ದು ಏನೇ ಇರಲಿ, ಅದನ್ನು ಹೇಳಲು ಹೋದಾಗ "ಅಂಥದ್ದೇನೂ ಇಲ್ಲ, ಹೋಗಿ ಮಲಗು" ಎಂಬ ಮಾತು ಕೇಳಿಯೇ ಇರುತ್ತೀರಿ ಅಲ್ವಾ? ಇಲ್ಲಿ ಅದು ನಿಜವಾಗಿ ಇದೆ. ಮಗುವಿಗೆ ಕಾಣುತ್ತಿದೆ, ಪಕ್ಕದಲ್ಲೇ ನಿಂತ ದೊಡ್ಡವರಿಗೆ ಕಾಣುತ್ತಿಲ್ಲ.

ಲೂಸಿಯ ಹಿಂದಿನ ಕತೆ ಓದುವಾಗ ನನಗೆ ಇದು ತುಂಬ ನಾಟಿತು. ಲಂಡನ್ನಿಗೆ ಬರುವ ಮೊದಲು ಅವಳು ಬೇರೆ ಊರಿನಲ್ಲಿ ಇದೇ ಕೆಲಸ ಮಾಡುತ್ತಿರುತ್ತಾಳೆ. ಒಂದು ರಾತ್ರಿ ಹಳೇ ಗಿರಣಿಯೊಂದಕ್ಕೆ ಹೋಗಬೇಕು. ಒಳಗೆ ಇರುವುದು ಅಂದುಕೊಂಡದ್ದಕ್ಕಿಂತ ಭಾರಿಯಾದದ್ದು ಎಂದು ಅವಳಿಗೆ ಅನ್ನಿಸುತ್ತದೆ. ಜೊತೆಗೆ ಬಂದ ದೊಡ್ಡ ಮನುಷ್ಯ ಹೆದರಿ ಹೊರಗೇ ಉಳಿಯುತ್ತಾನೆ, ಮಕ್ಕಳು ಒಳಗೆ ಹೋಗುತ್ತಾರೆ. ಬದುಕಿ ಬಂದವಳು ಅವಳೊಬ್ಬಳೇ. ಇದನ್ನು ಸ್ಟ್ರೌಡ್ ಎಳೆಯುವುದಿಲ್ಲ, ಬೇಗ ಹೇಳಿ ಮುಂದೆ ಹೋಗುತ್ತಾರೆ. ಆದರೆ ಆಮೇಲೆ ಅವಳು ಬಾಗಿಲು ದಾಟುವ ಪ್ರತಿ ಸಲ ನನಗೆ ಆ ಗಿರಣಿ ನೆನಪಾಗುತ್ತಿತ್ತು.

ಇನ್ನು ಹೆದರಿಕೆ. ದೆವ್ವ ಕಾಣಿಸುವ ಮೊದಲು ಬರುವ ಗುರುತುಗಳು ನಾಲ್ಕು. ಚಳಿ ಏರುತ್ತದೆ, ಹುಡುಗರು ಥರ್ಮಾಮೀಟರ್ ಹಿಡಿದು ಒಂದೊಂದು ಕೋಣೆಯ ಲೆಕ್ಕ ಬರೆದುಕೊಳ್ಳುತ್ತಾರೆ. ಕೆಟ್ಟ ವಾಸನೆ, ಬಾಯಲ್ಲಿ ಕೆಟ್ಟ ರುಚಿ. ಕಾರಣವಿಲ್ಲದೆ ಒಳಗೊಳಗೇ ಹರಿದು ಬರುವ ಭಯ. ನಾಲ್ಕನೆಯದನ್ನು ‘ಮಲೇಸ್’ ಎನ್ನುತ್ತಾರೆ. ಎದೆ ಮೇಲೆ ಕಲ್ಲು ಇಟ್ಟ ಹಾಗೆ ಭಾರ, ಯಾವುದೂ ಬೇಡ, ಏನು ಮಾಡಿದರೂ ಅಷ್ಟೇ ಎಂಬ ಮಂಕು. ಅದಕ್ಕೆ ಸೋತರೆ ಕಾಲು ಕಿತ್ತಿಡಲೂ ಆಗುವುದಿಲ್ಲ, ದೆವ್ವ ಬಂದು ಮುಟ್ಟುವ ತನಕ ನಿಂತಲ್ಲೇ ನಿಂತಿರುತ್ತೀರಿ.

ಆ ಪುಟದ ಮೂಲೆ ಮಡಚಿತ್ತು. ಪುಸ್ತಕದಲ್ಲಿ ಅದೊಂದೇ ಮಡಚಿದ ಪುಟ. ಯಾಕೆ ಅಂತ ಕೇಳಿದೆ. "ಕೆಲವು ಸಲ ಬೆಳಗ್ಗೆ ಏಳುವಾಗ ಹೀಗೇ ಆಗುತ್ತೆ ಚಿಕ್ಕಿ, ಇದಕ್ಕೆ ಒಂದು ಹೆಸರು ಇದೆ ಅಂತ ಗೊತ್ತಿರಲಿಲ್ಲ" ಅಂದಳು. ಆ ಸಂಜೆ ನಾವಿಬ್ಬರೂ ತುಂಬ ಹೊತ್ತು ಮಾತಾಡಿದೆವು. ಎದುರಿಗೆ ಕೂರಿಸಿ ಕೇಳಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಲೂಸಿ ಹೇಗೆ ತಡೆದುಕೊಂಡಳು ಎಂದು ಮಾತು ತೆಗೆದದ್ದಕ್ಕೆ ತನ್ನ ವಿಷಯವೂ ಬಂತು.

ದೆವ್ವದ ಜೊತೆ ಏಗುವ ಕೆಲಸ ಇಲ್ಲಿ ನಿಜವಾದ ಕಸುಬಿನ ಹಾಗಿದೆ. ಕಬ್ಬಿಣ, ಉಪ್ಪು, ಬೆಳ್ಳಿ, ಸಿಡಿಯುವ ಮೆಗ್ನೀಸಿಯಂ ಡಬ್ಬಿ, ಸೊಂಟದಲ್ಲಿ ರೇಪಿಯರ್ ಎಂಬ ತೆಳ್ಳನೆ ಕತ್ತಿ. ಪ್ರತಿ ದೆವ್ವಕ್ಕೂ ಒಂದು ‘ಸೋರ್ಸ್’, ಅಂದರೆ ಅದು ಅಂಟಿಕೊಂಡ ಮೂಳೆಯೋ ವಸ್ತುವೋ ಇರುತ್ತದೆ. ಅದನ್ನು ಹುಡುಕಿ ಮುಚ್ಚಿದರೆ ದೆವ್ವ ಅಡಗುತ್ತದೆ. ಮಂತ್ರ ಹಾಕಿ ಒಂದೇಟಿಗೆ ಮುಗಿಸುವ ಸುಲಭದ ದಾರಿ ಇಲ್ಲ. ಜಾರ್ಜ್ ಲೈಬ್ರರಿಯಲ್ಲಿ ಹಳೇ ಪೇಪರ್ ತಿರುವಿ ಹಾಕದಿದ್ದರೆ ಜೀವಕ್ಕೇ ಸಂಚಕಾರ. ಅಡುಗೆಮನೆಯ ಮೇಜಿನ ಬಟ್ಟೆಯ ಮೇಲೆ ಮೂವರೂ ತಮಗೆ ಹೊಳೆದದ್ದನ್ನೆಲ್ಲ ಗೀಚುತ್ತಾರೆ, ಬಿಸ್ಕತ್ತನ್ನು ಸರದಿ ತಪ್ಪದೆ ತೆಗೆದುಕೊಳ್ಳುತ್ತಾರೆ. ಇಂಥ ಚಿಕ್ಕ ಸಂಗತಿಗಳಿಂದಲೇ ಆ ಮನೆ ನಮ್ಮದೂ ಅನ್ನಿಸಿಬಿಡುತ್ತದೆ.

ಮೊದಲ ಕೇಸು ಕೆಟ್ಟು, ಅವರು ಹೋದ ಮನೆಗೇ ಬೆಂಕಿ ಬೀಳುತ್ತದೆ. ಆ ಮನೆಯ ಗೋಡೆಯ ಹಿಂದೆ, ವರ್ಷಗಳ ಹಿಂದೆ ಕೊಲೆಯಾದ ಹುಡುಗಿಯೊಬ್ಬಳ ಹೆಣ ಸಿಕ್ಕಿರುತ್ತದೆ. ಪರಿಹಾರದ ಹಣ ಕಟ್ಟಲು ದಾರಿ ಕಾಣದೆ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ದೆವ್ವಗಳಿರುವ ಬಂಗಲೆಯಲ್ಲಿ ಒಂದು ರಾತ್ರಿ ಕಳೆಯಲು ಒಪ್ಪುತ್ತಾರೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಆ ಬಂಗಲೆಯ ಕೆಂಪು ಕೋಣೆಯಲ್ಲಿ ರಕ್ತ ತುಂಬುತ್ತಾ ಹೋಗಿ, ಇವರಿಗೆ ನಿಲ್ಲಲು ಉಳಿದ ಜಾಗ ಚಿಕ್ಕದಾಗುವ ದೃಶ್ಯವನ್ನು ಮಾತ್ರ ಒಬ್ಬರೇ ಇರುವಾಗ ಓದಿ.

ನನಗೆ ಇನ್ನೂ ಹಿಡಿಸಿದ್ದು ಲೂಸಿಯ ಕಿವಿ. ಲಾಕ್‌ವುಡ್‌ಗೆ ದೆವ್ವ ಚೆನ್ನಾಗಿ ಕಾಣುತ್ತದೆ, ಇವಳಿಗೆ ಅವುಗಳ ದನಿ ಕೇಳುತ್ತದೆ. ಎಲ್ಲರಿಗೂ ಆ ಕೊಲೆಯಾದ ಹುಡುಗಿ ಒಂದು ಅಪಾಯ. ಲೂಸಿಗೆ ಅವಳ ಸಂಕಟ ತಟ್ಟುತ್ತದೆ, ಅವಳ ಕೊರಳಲ್ಲಿದ್ದದ್ದನ್ನು ಯಾರಿಗೂ ಹೇಳದೆ ಎತ್ತಿಕೊಂಡು ಬರುತ್ತಾಳೆ. ತಪ್ಪೇ ಅದು, ಎಲ್ಲರನ್ನೂ ಅಪಾಯಕ್ಕೆ ತಳ್ಳುವ ತಪ್ಪು. ಆದರೂ ಓದುವಾಗ ನಾನು ಅವಳ ಪಕ್ಷವೇ. ಅಷ್ಟು ವರ್ಷ ಆ ಹುಡುಗಿಯ ಮಾತು ಕೇಳುವವರು ಯಾರೂ ಇರಲಿಲ್ಲವಲ್ಲ.

ಕೊರತೆ ಇಲ್ಲವೆಂದಲ್ಲ. ಶುರುವಿನ ರಭಸ ಆದ ಮೇಲೆ ನಡುವೆ ಕತೆ ಕುಂಟುತ್ತದೆ, ಬಂಗಲೆಗೆ ಹೊರಡುವಷ್ಟರಲ್ಲಿ ನನಗೆ ತಾಳ್ಮೆ ಸ್ವಲ್ಪ ತಪ್ಪಿತ್ತು. ಕೊಲೆ ಮಾಡಿದವನು ಯಾರೆಂದು ದೊಡ್ಡವರು ಬೇಗ ಊಹಿಸುತ್ತಾರೆ. ದೊಡ್ಡವರ ಪಾತ್ರಗಳಲ್ಲಿ ಒಳ್ಳೆಯವರೂ ಜಾಣರೂ ಆದ ಒಬ್ಬಿಬ್ಬರು ಜಾಸ್ತಿ ಇದ್ದಿದ್ದರೆ ಕತೆಗೆ ಇನ್ನೂ ಬಲ ಬರುತ್ತಿತ್ತು. ಇಂಗ್ಲಿಷ್ ಕಷ್ಟವೇನಲ್ಲ. ಈ ಲೋಕದ ಪದಗಳಿಗೆ ಪುಸ್ತಕದ ಕೊನೆಯಲ್ಲಿ ಅರ್ಥ ಕೊಟ್ಟಿದ್ದಾರೆ, ಮೊದಲೇ ಒಮ್ಮೆ ಅಲ್ಲಿ ಕಣ್ಣಾಡಿಸಿ ಬಂದರೆ ಒಳ್ಳೆಯದು.

2023ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಎಂಟು ಕಂತುಗಳ ಸರಣಿಯಾಗಿ ತಂದು, ಒಂದೇ ಸೀಸನ್ನಿಗೆ ನಿಲ್ಲಿಸಿತು. ಚೆನ್ನಾಗಿಯೇ ಇದೆ, ಆದರೆ ಪುಸ್ತಕ ಓದಿದ ಮೇಲೆ ನೋಡಿ. ಲೂಸಿಯ ತಲೆಯೊಳಗೆ ಕೂತು ಕತ್ತಲೆಯಲ್ಲಿ ಕಾಯುವುದು ಪುಟದ ಮೇಲೆ ಆಗುವಷ್ಟು ಪರದೆಯ ಮೇಲೆ ಆಗುವುದಿಲ್ಲ.

ಹನ್ನೆರಡು ದಾಟಿದ, ರಕ್ತ ಸಾವು ಓದಿ ತಡೆದುಕೊಳ್ಳುವ ಮಕ್ಕಳಿಗೆ ಧೈರ್ಯವಾಗಿ ಕೊಡಿ. ಅದಕ್ಕಿಂತ ಚಿಕ್ಕವರಾದರೆ ಮೊದಲ ಐವತ್ತು ಪುಟ ನೀವು ಓದಿ ನೋಡಿ ಆಮೇಲೆ ಕೊಡಿ. ಮಗು ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಹಾಗೇ ಕಪಾಟಿಗೆ ಸೇರಿಸಬೇಡಿ. ಯಾವ ಪುಟದ ಮೂಲೆ ಮಡಚಿದೆ ಅಂತ ಒಮ್ಮೆ ನೋಡಿ.