ಮಲೆನಾಡಿನ ರಸ್ತೆಗೆ ಟಿಪಿಎಂಎಸ್ ಬೇಕಾ? ಬಳಸಿ ನೋಡಿದವನ ಮಾತು

2021ರಲ್ಲಿ ನನ್ನ ಹಳೇ ವ್ಯಾಗನ್ ಆರ್‌ಗೆ ಹೊರಗಿನಿಂದ ಹಾಕುವ ಟಿಪಿಎಂಎಸ್ ತರಿಸಿದೆ. ಅಂದರೆ ಟೈರಿನ ಗಾಳಿ ಎಷ್ಟಿದೆ ಎಂದು ಕೂತಲ್ಲೇ ತೋರಿಸುವ ಸಾಧನ. ನಾಲ್ಕು ವಾಲ್ವ್‌ಗೆ ನಾಲ್ಕು ಸೆನ್ಸರ್ ಕ್ಯಾಪ್, ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಇರುವ ಪುಟ್ಟ ಡಿಸ್‌ಪ್ಲೇ. ಆಗಿನ ಬೆಲೆ ಮೂರು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆಯುವುದಿಲ್ಲ. ಈ ತರದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ, ಎಲ್ಲವೂ ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ನನ್ನ ಗಾಡಿ ಓಡುವುದು ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ. ಆಗಾಗ ಆಗುಂಬೆ ಇಳಿದು ಉಡುಪಿಗೆ. ಮನೆ ಮುಟ್ಟಲು ತೋಟದ ಮಣ್ಣು ರಸ್ತೆ ಬೇರೆ.

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ದಂಡವಾಗಿಲ್ಲ. ಆದರೆ ಹಳೇ ರಬ್ಬರ್ ವಾಲ್ವ್ ಮೇಲೆ ಇದನ್ನು ಹಾಕಲೇಬೇಡಿ.

ಮೊಳೆ ಚುಚ್ಚಿ ಒಂದೇ ಸಲ ಗಾಳಿ ಹೋದರೆ ಯಾರಿಗಾದರೂ ಗೊತ್ತಾಗುತ್ತದೆ. ಸ್ಟೇರಿಂಗ್ ಎಳೆಯುತ್ತದೆ, ಸದ್ದು ಬರುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ತೊಂದರೆ ಕೊಡುವುದು ನಿಧಾನಕ್ಕೆ ಇಳಿಯುವ ಗಾಳಿ. 33 ಪಾಯಿಂಟ್ (ಪಿಎಸ್‌ಐ, ಗಾಳಿಯ ಒತ್ತಡದ ಅಳತೆ) ಇದ್ದದ್ದು 24ಕ್ಕೆ ಬಂದಿದ್ದರೂ ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದೇ ಟೈರಿನಲ್ಲಿ ಲೋಡ್ ಹಾಕಿಕೊಂಡು ಓಡಿಸಿದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಮಡಚಿ ಮಡಚಿ ಬಿಸಿಯಾಗುತ್ತದೆ, ಒಳಗಿನ ದಾರ ಸಡಿಲವಾಗುತ್ತದೆ. ಟೈರ್ ಸಿಡಿಯುವುದರ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ.

ನನ್ನ ಗಾಡಿಯಲ್ಲಿ ಒಂದು ಮಳೆಗಾಲ ಹಿಂದಿನ ಎಡ ಚಕ್ರ ಎರಡು ದಿನಕ್ಕೊಮ್ಮೆ ಮೂರು ಪಾಯಿಂಟ್ ಇಳಿಯುತ್ತಿತ್ತು. ಡಿಸ್‌ಪ್ಲೇ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪಂಚರ್ ಅಂಗಡಿಯವರು ಚಕ್ರ ಬಿಚ್ಚಿ ನೀರಿನ ತೊಟ್ಟಿಗೆ ಇಳಿಸಿದರು. ನೆಲಕ್ಕೆ ತಾಗುವ ಟ್ರೆಡ್ ಪೂರ್ತಿ ತಿರುಗಿಸಿದರೂ ಒಂದು ಗುಳ್ಳೆ ಇಲ್ಲ. ಆಮೇಲೆ ಟೈರು ಡಿಸ್ಕಿಗೆ (ಚಕ್ರದ ಲೋಹದ ಭಾಗಕ್ಕೆ) ಕೂರುವ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. "ಪಂಚರ್ ಅಲ್ಲ ಸಾರ್, ಡಿಸ್ಕ್ ತುಕ್ಕು ಹಿಡಿದಿದೆ. ನಮ್ಮ ಕಡೆ ಮಳೆಗೆ ಇದೇ ಕತೆ" ಎಂದರು. ಟೈರ್ ಬಿಚ್ಚಿದರೆ ಅಂಚಿನ ತುಂಬ ತುಕ್ಕಿನ ಚಕ್ಕೆ, ನಡುವೆ ಕೆಂಪು ಮಣ್ಣಿನ ಗಟ್ಟಿ ಪದರ. ವೈರ್ ಬ್ರಶ್‌ನಲ್ಲಿ ಉಜ್ಜಿ, ಅಂಚಿನ ಸೋರಿಕೆ ತಡೆಯುವ ಬೀಡ್ ಸೀಲರ್ ಹಚ್ಚಿ ಕೂರಿಸಿದರು. ಆಮೇಲೆ ಆ ಚಕ್ರದಿಂದ ತಕರಾರಿಲ್ಲ. ಹೊಂಡಕ್ಕೆ ಬಿದ್ದು ಡಿಸ್ಕ್ ಅಂಚು ಸೊಟ್ಟಗಾದರೂ ಹೀಗೇ ಸೋರುತ್ತದೆ. ಕಬ್ಬಿಣದ ಡಿಸ್ಕನ್ನು ಬಡಿದು ಸರಿಮಾಡಬಹುದು. ಅಲಾಯ್ ಆದರೆ ಬಿರುಕು ಬಿಟ್ಟಿದೆಯಾ ಎಂದು ಸರಿಯಾಗಿ ನೋಡಬೇಕು. ನಮ್ಮ ರಸ್ತೆಗೆ ಕಬ್ಬಿಣವೇ ವಾಸಿ, ಚಂದ ಕಡಿಮೆ ಅಷ್ಟೇ.

ಈಗ ತಕರಾರು. ಈ ಕ್ಯಾಪ್ ವಾಲ್ವಿನ ಒಳಗಿನ ಪಿನ್ನನ್ನು ಒತ್ತಿ ಹಿಡಿದುಕೊಂಡೇ ಇರುತ್ತದೆ. ಒತ್ತದಿದ್ದರೆ ಗಾಳಿ ಎಷ್ಟಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಗಾಳಿ ತಡೆಯುವ ಕೆಲಸವೆಲ್ಲ ಕ್ಯಾಪ್ ಒಳಗಿನ ಸಣ್ಣ ರಬ್ಬರ್ ರಿಂಗಿನ ಮೇಲೆ ಬೀಳುತ್ತದೆ. ಅದು ಸವೆದರೆ ಲೀಕ್ ಹಿಡಿಯಲು ತಂದದ್ದೇ ಲೀಕ್ ಮಾಡುತ್ತದೆ. ನನಗೂ ಆಯಿತು. ಸೋಪಿನ ನೀರು ಹಚ್ಚಿದರೆ ತಕ್ಷಣ ಕಾಣುತ್ತದೆ. ಬದಲಿ ರಿಂಗ್ ಡಬ್ಬದಲ್ಲೇ ಕೊಟ್ಟಿರುತ್ತಾರೆ, ಬಿಸಾಡಬೇಡಿ.

ಇನ್ನೊಂದು, ಕ್ಯಾಪಿನ ತೂಕ. ಮಾಮೂಲಿ ಪ್ಲಾಸ್ಟಿಕ್ ಕ್ಯಾಪಿಗಿಂತ ಇದು ಎಷ್ಟೋ ಭಾರ. ಚಕ್ರ ತಿರುಗುವಾಗ, ಹೊಂಡ ಹಾರುವಾಗ ವಾಲ್ವಿನ ರಬ್ಬರ್ ಕುತ್ತಿಗೆ ಅತ್ತಿತ್ತ ಬಾಗುತ್ತಲೇ ಇರುತ್ತದೆ. ಹೆಬ್ಬೆರಳಿನಲ್ಲಿ ವಾಲ್ವನ್ನು ಸ್ವಲ್ಪ ಬಗ್ಗಿಸಿ ಬುಡ ನೋಡಿ. ಕೂದಲಿನಂಥ ಬಿರುಕು ಕಂಡರೆ ಆ ವಾಲ್ವ್ ಮುಗಿಯಿತು. ನಾನು ನಾಲ್ಕಕ್ಕೂ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿದೆ, ದೊಡ್ಡ ಖರ್ಚೇನಲ್ಲ. ಲೋಹಕ್ಕೆ ಲೋಹ ಸೇರಿದ ಮೇಲೆ ಮಳೆಗೆ ಕ್ಯಾಪ್ ಬಿಚ್ಚಲಾಗದಂತೆ ಹಿಡಿದುಕೊಳ್ಳುವುದೂ ಉಂಟು. ವಾಲ್ವಿನ ಸ್ಕ್ರೂ ಎಳೆಗೆ ಒಂಚೂರು ಸಿಲಿಕಾನ್ ಗ್ರೀಸ್ ಸವರಿಟ್ಟರೆ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ.

ಸೋಲಾರ್ ಬಗ್ಗೆ ಏನು ಹೇಳುವುದು? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದು ಹೆಸರಿಗೆ ಮಾತ್ರ. ಯುಎಸ್‌ಬಿ ವೈರ್ ಹಾಕಿಯೇ ಚಾರ್ಜ್ ಮಾಡಬೇಕು.

ಹೊಸದಾಗಿ ಹಾಕಿದವರು ಘಾಟಿಯಲ್ಲಿ ಗಾಬರಿಯಾಗುತ್ತಾರೆ. ಆಗುಂಬೆಯ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಬ್ರೇಕಿನ ಬಿಸಿಗೆ ಮುಂದಿನ ಚಕ್ರಗಳು ಮೂರು ನಾಲ್ಕು ಪಾಯಿಂಟ್ ಏರಿರುತ್ತವೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಾಯಿಂಟ್ ಏರುವುದು ಸಹಜ. ಅಲ್ಲಿ ನಿಲ್ಲಿಸಿ ಗಾಳಿ ಬಿಡಬೇಡಿ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿರುವ ಲೆಕ್ಕ ತಣ್ಣಗಿನ ಟೈರಿನದು. ನಾನು ಕೆಳಗಿನ ಅಲಾರಂ 27ಕ್ಕೆ ಇಟ್ಟಿದ್ದೇನೆ. ಟೆಂಪರೇಚರ್ ಅಂಕಿಯನ್ನು ಜಾಸ್ತಿ ನಂಬಬೇಡಿ, ಕ್ಯಾಪ್ ಇರುವುದು ಹೊರಗೆ ಗಾಳಿಯಲ್ಲಿ ಅಲ್ವಾ?

ಚಕ್ರ ಅದಲು ಬದಲು ಮಾಡಿಸಿದಾಗ ಕ್ಯಾಪನ್ನೂ ವಾಪಸ್ ಅದರ ಜಾಗಕ್ಕೆ ಹಾಕಿಸಿ. ಇಲ್ಲದಿದ್ದರೆ ಹಿಂದಿನ ಚಕ್ರ ಇಳಿದಾಗ ಮುಂದಿನದು ಎಂದು ತೋರಿಸುತ್ತದೆ, ನೀವು ಸುಮ್ನೆ ಮಳೆಯಲ್ಲಿ ಬಗ್ಗಿ ಹುಡುಕುತ್ತಿರುತ್ತೀರಿ. ಟೈರ್ ಒಳಗೆ ಕೂರುವ ಸೆನ್ಸರಿಗೆ ಕಳ್ಳರ ಭಯವಿಲ್ಲ, ನಿಜ. ಆದರೆ ಸೆಲ್ ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು. ಹಾರೆ ಹಾಕಿ ಟೈರ್ ಬಿಚ್ಚುವ ಕಡೆ ಅದು ಮುರಿದರೂ ಆಶ್ಚರ್ಯವಿಲ್ಲ. ಹೊರಗಿನದಕ್ಕೆ ಬಟನ್ ಸೆಲ್ ಸಾಕು, ಪೇಟೆಯಲ್ಲಿ ಸಿಗುತ್ತದೆ. ಉದ್ದದ ಕ್ಯಾಂಪರ್ ವ್ಯಾನ್ ಇರುವವರು ಸಿಗ್ನಲ್ ಹಿಂದಿನಿಂದ ಮುಂದಕ್ಕೆ ಮುಟ್ಟುತ್ತದಾ ಎಂದು ಕೇಳಿ ಕೊಳ್ಳಿ. ಕೆಲವಕ್ಕೆ ನಡುವೆ ಸಿಗ್ನಲ್ ದಾಟಿಸುವ ರಿಪೀಟರ್ ಬೇಕಾಗುತ್ತದೆ.

ಇದು ತೋರಿಸದ ರೋಗಗಳು ಬೇಕಾದಷ್ಟಿವೆ. ಜಲ್ಲಿ ತಾಗಿ ಸೈಡ್‌ವಾಲ್ ಉಬ್ಬಿದ್ದು ತೋರಿಸುವುದಿಲ್ಲ. ಆ ಟೈರ್ ಬದಲಿಸಲೇಬೇಕು, ಸೈಡಿನಲ್ಲಿ ಪಂಚರ್ ಹಾಕಿಸಿ ಓಡಿಸುವುದೂ ಸಲ್ಲ. ಅಲೈನ್‌ಮೆಂಟ್ ತಪ್ಪಿ ಒಂದೇ ಕಡೆ ಸವೆದರೂ ಡಿಸ್‌ಪ್ಲೇ 33 ಎಂದೇ ಹೇಳುತ್ತದೆ. ಟ್ರೆಡ್ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಲೆಕ್ಕದಲ್ಲಿ ಟೈರ್ ಮುಗಿಯಿತು. ನಮ್ಮ ಮಳೆಗೆ ಅಲ್ಲಿ ತನಕ ಕಾಯುವುದೂ ಜಾಸ್ತಿಯೇ.

ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್, ಪಂಚರ್ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಅದನ್ನು ನಂಬಿ ಸ್ಟೆಪ್ನಿ ಮನೆಯಲ್ಲಿಟ್ಟು ಹುಲಿಕಲ್ ಘಾಟಿಗೆ ಹೊರಡಬೇಡಿ. ಡಿಸ್ಕ್ ಸೊಟ್ಟಗಾದರೆ ಕಿಟ್ ಏನೂ ಮಾಡುವುದಿಲ್ಲ. ನನಗೆ ಬಂದದ್ದು ನಾಲ್ಕೇ ಸೆನ್ಸರ್, ಹಾಗಾಗಿ ಸ್ಟೆಪ್ನಿಯ ಗಾಳಿಯನ್ನು ಈಗಲೂ ಪೆಟ್ರೋಲ್ ಬಂಕಿನಲ್ಲೇ ಗೇಜ್ ಇಟ್ಟು ನೋಡಿಸುತ್ತೇನೆ.